ಕಚೇರಿಯ ಕಿಟಕಿಯೇ ಕರ್ನಾಟಕದ ಒರೆಗಲ್ಲು

(ರಾಜ್ಯೋತ್ಸವದ ನಿಮಿತ್ತ ಧಾರವಾಡ ಸೀಮೆಯ ತಾಲೂಕೊಂದರ ಸಾರ್ವಜನಿಕ ವಾಚನಾಲಯದಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಈ ವಾಚನಾಲಯದ ಚಾಲಕರು ನನ್ನನ್ನು ಇಲ್ಲಿಗೆ ಕರೆಯಿಸಿ ನಾಲ್ಕು ಮಾತನಾಡಲು ಅಪ್ಪಣೆ ಮಾಡಿರುವರು. ಅವರ ಪ್ರೀತಿಗೆ ನಾನು ಋಣಿಯಾಗಿದ್ದೇನೆ. ಇಂಥ ಸಭೆಗಳಲ್ಲಿ ಕರ್ನಾಟಕದ ಗತವೈಭವವನ್ನು ಬಣ್ಣಿಸುವದು ವಾಡಿಕೆ. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದ ಅರಸರು ಎಂದೊಡನೆ ನಿಮ್ಮಂತೆ ನನ್ನ ಮೈಯೂ ನವಿರೇಳುವದು. ಆದರೆ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ಮಾಸ್ತರರು ಈ ಸಭೆಯಲ್ಲಿಯೇ ಕುಳಿತಿರುವರು. ನಾನು ಕೋರ್ಟಿನ ಮನುಷ್ಯ. ನನಗೆ ತಿಳಿದದ್ದು ಅರ್ಜಿ, ದಾಖಲೆ, ನಕಲು, ತಾರೀಖು ಇಷ್ಟೇ. ಆದುದರಿಂದ ಇಂದು ಪುಲಿಕೇಶಿಯ ಸಿಂಹಾಸನದ ಮಾತನ್ನು ಬಿಟ್ಟು, ತಾಲೂಕು ಕಚೇರಿಯ ಕಿಟಕಿಯ ಮಾತನ್ನು ಆಡುವೆನು. ಹಬ್ಬದ ದಿನ ಇದೆಂಥ ಮಾತು ಎಂದು ಯಾರೂ ಬೇಸರಪಡಬಾರದಾಗಿ ಪ್ರಾರ್ಥನೆ. ಹಬ್ಬದ ದಿನವೇ ಮನೆಯ ಮೂಲೆಯನ್ನು ಗುಡಿಸತಕ್ಕದ್ದು.

ಮೊದಲಿಗೆ ಒಂದು ಪ್ರಶ್ನೆ. ನಮ್ಮ ಹಿರಿಯರು ಕರ್ನಾಟಕದ ಏಕೀಕರಣವನ್ನು ಯಾತಕ್ಕಾಗಿ ಬಯಸಿದರು? ನಕಾಶೆಯ ಮೇಲೆ ಒಂದೇ ಬಣ್ಣ ಬಳಿಯಬೇಕೆಂತಲೇ? ಹಾಗೆಂದು ನಾನು ನಂಬಲಾರೆ. 1956ಕ್ಕಿಂತ ಮುಂಚೆ ಕನ್ನಡಿಗನ ಗತಿ ಏನಿತ್ತೆಂಬದನ್ನು ನೆನೆಸಿಕೊಳ್ಳಿರಿ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿಯ ಬಾಲದಲ್ಲಿದ್ದವು. ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮನ ಸೀಮೆಗೆ ಸೇರಿದ್ದವು. ಮಂಗಳೂರು ಮದ್ರಾಸಿಗೆ, ಕೊಡಗು ತನ್ನಷ್ಟಕ್ಕೆ, ಮೈಸೂರು ಅರಸರಿಗೆ. ಬಳ್ಳಾರಿಯೂ 1953ರ ವರೆಗೆ ಮದ್ರಾಸಿನದೇ. ಇವುಗಳ ಸಂದಿಯಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸೊಂಡೂರುಗಳಂಥ ಚಿಕ್ಕ ಸಂಸ್ಥಾನಗಳು. ಒಬ್ಬ ಕನ್ನಡ ಒಕ್ಕಲಿಗನು ತನ್ನ ಹೊಲದ ದಾಖಲೆಯನ್ನು ಕೇಳಲು ಹೋದರೆ ಒಂದು ಕಡೆ ಮೋಡಿಯ ಮರಾಠಿಯ ಛಾಯೆ, ಇನ್ನೊಂದು ಕಡೆ ಉರ್ದು, ಎಲ್ಲದರ ನೆತ್ತಿಯ ಮೇಲೆ ಇಂಗ್ಲಿಷು. ತನ್ನ ಹೊಲದ ಮಾತನ್ನೇ ಇನ್ನೊಬ್ಬರಿಂದ ಓದಿಸಿ ಕೇಳಿಕೊಳ್ಳಬೇಕಾದ ದುರ್ಗತಿ ಅವನದು.

ಈ ದುರ್ಗತಿಯನ್ನು ಕಣ್ಣಾರೆ ಕಂಡವರಲ್ಲಿ ವಕೀಲರು ಮೊದಲಿಗರು. ‘ಕರ್ನಾಟಕ ಗತವೈಭವ’ವನ್ನು 1917ರಲ್ಲಿ ಪ್ರಕಟಿಸಿದ ಆಲೂರ ವೆಂಕಟರಾಯರು ವಕೀಲರು. 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ ನಾಡಿನ ಉದಯವನ್ನು ಕೋರುವ ಗೀತವನ್ನು ಹಾಡಿದ ಹುಯಿಲಗೋಳ ನಾರಾಯಣರಾಯರು ಗದಗಿನ ವಕೀಲರು. ಆ ಕಾಲದಲ್ಲಿಯೇ ಬೆಳಗಾವಿಯಲ್ಲಿ ಕೂಡಿದ ಏಕೀಕರಣ ಪರಿಷತ್ತಿನ ಅಧ್ಯಕ್ಷರಾಗಿದ್ದ ಸಿದ್ದಪ್ಪ ಕಂಬಳಿಯವರೂ ವಕೀಲರೇ. ಇದನ್ನು ನಾನು ನನ್ನ ವೃತ್ತಿಯವರ ಹೆಮ್ಮೆಗಾಗಿ ಹೇಳುತ್ತಿಲ್ಲ. ಕಚೇರಿಯ ಮುಂದೆ ಕೈಕಟ್ಟಿ ನಿಂತ ಕನ್ನಡಿಗನನ್ನು ದಿನಾಲು ನೋಡಿದವರಿಗೆ, ನಾಡು ಒಂದಾಗಬೇಕೆಂಬ ಹಂಬಲವು ಕೇವಲ ಕಾವ್ಯದಿಂದ ಹುಟ್ಟಿದ್ದಲ್ಲವೆಂದು ಹೇಳುವದಕ್ಕಾಗಿ ಇದನ್ನು ನೆನಪಿಸಿದೆನು. ತನ್ನ ಸರಕಾರದೊಡನೆ ತನ್ನ ಭಾಷೆಯಲ್ಲಿ ಯಜಮಾನನಂತೆ ಮಾತನಾಡುವ ಹಕ್ಕು ಕನ್ನಡಿಗನಿಗೆ ಬರಬೇಕು. ಏಕೀಕರಣದ ತಿರುಳು ಇದು.

1956ನೆಯ ನವೆಂಬರ 1ಕ್ಕೆ ನಾಡು ಒಂದಾಯಿತು. 1973ನೆಯ ನವೆಂಬರ 1ಕ್ಕೆ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಹಾಗಾದರೆ ಆ ತಿರುಳು ನಮ್ಮ ಕೈಗೆ ದಕ್ಕಿತೇ? ಇದೇ ಇಂದಿನ ನನ್ನ ವಿಷಯ.

ನ್ಯಾಯವಾಗಿ ಹೇಳುವದಾದರೆ, ಆದ ಕೆಲಸ ಅಲ್ಪವಲ್ಲ. 1963ನೆಯ ವರ್ಷವನ್ನು ನಾವು ಮರೆಯಬಾರದು. ಆ ವರ್ಷವೇ ಆಡಳಿತ ಭಾಷೆಯ ಕಾಯದೆ ಆಗಿ ಕನ್ನಡವು ರಾಜ್ಯದ ಆಡಳಿತ ಭಾಷೆಯೆನಿಸಿತು. ಆ ವರ್ಷವೇ, 1961ರ ಕಾಯದೆಯು ಜಾರಿಗೆ ಬಂದು, ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಗೌಡಿಕೆ, ಕುಲಕರ್ಣಿಕೆ, ಶಾನುಭೋಗಿಕೆಗಳು ಅಪ್ಪನಿಂದ ಮಗನಿಗೆ ಬರುವ ಆಸ್ತಿಯಾಗಿ ಉಳಿಯದೆ, ಸಂಬಳದ ಗ್ರಾಮಲೆಕ್ಕಿಗನು ಆ ಜಾಗಕ್ಕೆ ಬಂದನು. ಊರಿನ ದಫ್ತರವು ಒಂದು ಮನೆತನದ ಪೆಟ್ಟಿಗೆಯಿಂದ ಹೊರಬಿದ್ದಿತು. ಮುಂದೆ 1987ರಲ್ಲಿ, ಅಬ್ದುಲ್ ನಜೀರಸಾಬರ ಶ್ರಮದಿಂದ ಆದ ಪಂಚಾಯತ ಕಾಯದೆಯಂತೆ ಚುನಾವಣೆಗಳು ನಡೆದು, ಹಳ್ಳಿಯ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಜಾಗಗಳು ಮೀಸಲಾದವು. 2001ರ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಹೊಕ್ಕವು. ನಮ್ಮ ಕಡೆಯವರು ‘ಉತಾರ’ ಎನ್ನುವ ಆ ಕಾಗದಕ್ಕಾಗಿ ತಲಾಠಿಯ ಮನೆಯ ಕಟ್ಟೆಯನ್ನು ಕಾಯುವದು ತಪ್ಪಿತು. 2005ರಲ್ಲಿ ಮಾಹಿತಿ ಹಕ್ಕು ಬಂದಿತು. 2011ರಲ್ಲಿ ಆದ ‘ಸಕಾಲ’ದ ಕಾಯದೆಯು 2012ನೆಯ ಏಪ್ರಿಲದಲ್ಲಿ ನಾಡಿನ ತುಂಬ ಜಾರಿಯಾಗಿ, ಮೊದಲಿಗೆ 151 ಸೇವೆಗಳಿಗೆ ಇಂತಿಷ್ಟು ದಿನಗಳೆಂಬ ಗಡುವನ್ನು ಕಟ್ಟಿತು. ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೊಡಬೇಕೆಂದೂ ಆ ಕಾಯದೆಯಲ್ಲಿದೆ.

ಕಾಯದೆಗಳ ಈ ಸಾಲನ್ನು ನೋಡಿದರೆ ನಮ್ಮ ನಾಡು ಯಾರಿಗೂ ಹಿಂದುಳಿದದ್ದಲ್ಲ. ಆದರೆ ಕಾಯದೆಯು ಪುಸ್ತಕದಲ್ಲಿರುವದು ಬೇರೆ, ಕಿಟಕಿಯಲ್ಲಿರುವದು ಬೇರೆ. ಇದನ್ನು ತೋರಿಸುವದಕ್ಕೆ ಒಂದು ಸಂಗತಿಯನ್ನು ಹೇಳುವೆನು. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳದೆ ನಿಮ್ಮೆದುರಿಗೆ ನಿಲ್ಲುವ ಅಧಿಕಾರ ನನಗಿಲ್ಲ.

ನಾನು ವಕೀಲಿಗೆ ನಿಂತ ಹೊಸದರಲ್ಲಿ, ‘ಸಕಾಲ’ ಇನ್ನೂ ಬಂದಿರಲಿಲ್ಲ, ಹಳ್ಳಿಯ ಒಬ್ಬ ವಿಧವೆಯು ನನ್ನ ಹತ್ತಿರ ಬಂದಳು. ಗಂಡನು ತೀರಿಹೋಗಿದ್ದನು. ಎರಡೂವರೆ ಎಕರೆ ಒಣಬೇಸಾಯದ ಹೊಲ. ಅದಕ್ಕೆ ವಾರಸಾ ಮಾಡಿಸಿ ತನ್ನ ಮತ್ತು ಮಕ್ಕಳ ಹೆಸರನ್ನು ಹಚ್ಚಿಸಬೇಕಾಗಿತ್ತು. ಇದರಲ್ಲಿ ತಂಟೆ ಏನೂ ಇರಲಿಲ್ಲ. ದಾಯಾದರ ತಕರಾರು ಇಲ್ಲ, ಸಾಲದ ಬೋಜಾ ಇಲ್ಲ. 1964ರ ಭೂಕಂದಾಯ ಕಾಯದೆಯಂತೆ ವಾರಸುದಾರರು ವರದಿ ಕೊಡತಕ್ಕದ್ದು, ಗ್ರಾಮಲೆಕ್ಕಿಗನು ನೋಟೀಸು ಹಚ್ಚತಕ್ಕದ್ದು, ತಕರಾರು ಬಾರದಿದ್ದರೆ ಮೇಲಿನವರು ಆ ನೋಂದನ್ನು ಮಂಜೂರು ಮಾಡತಕ್ಕದ್ದು. ಅಷ್ಟೇ ಕೆಲಸ. ಆ ಅಷ್ಟೇ ಕೆಲಸಕ್ಕಾಗಿ ಅವಳು ಎಂಟು ತಿಂಗಳು ತಿರುಗಿದ್ದಳು. ಒಂದು ದಿನ ಸಾಹೇಬರಿಲ್ಲ, ಒಂದು ದಿನ ದಫ್ತರ ಸಿಗಲಿಲ್ಲ, ಒಂದು ದಿನ ಕರೆಂಟಿಲ್ಲ. ತಿರುಗಿದ ಪ್ರತಿದಿನವೂ ಅವಳಿಗೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಚಾರ್ಜು ಹೋಯಿತು.

ನಾನು ಏನು ಮಾಡಬೇಕಾಗಿತ್ತು? ಒಂದು ಅರ್ಜಿ ಬರೆದು, ಅದಕ್ಕೆ ಸ್ವೀಕೃತಿ ಪಡೆದು, ಮೇಲಧಿಕಾರಿಗೆ ಒಂದು ಪ್ರತಿ ಕಳಿಸಬೇಕಾಗಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಅಂದು ನನ್ನ ಕೈಯಲ್ಲಿ ಎರಡು ಖಟ್ಲೆಗಳಿದ್ದವು. ನಾನು ಅವಳಿಗೆ, ‘ಅವ್ವಾ, ಯಾಕ ಸುಮ್ಮನ ತಿರುಗತೀ? ಅವರಿಗೇನ ಕೊಡೋದದ ಕೊಟ್ಟು ಮುಗಿಸಿಬಿಡು’ ಎಂದುಬಿಟ್ಟೆನು. ಅವಳು ಹೋದಳು. ಕೆಲಸವಾಯಿತು. ನಾನು ಮರೆತೆನು.

ಐದಾರು ವರ್ಷಗಳ ನಂತರ ಮಗಳ ಯಾವದೋ ಸರ್ಟಿಫಿಕೀಟಿಗಾಗಿ ಅವಳು ತಿರುಗಿ ಬಂದಳು. ಹಳೆಯ ಮಾತು ಬಂದಿತು. ಎರಡು ಆಡು ಮಾರಿ ಹಣ ಕೊಟ್ಟಿದ್ದಳಂತೆ. ಅವಳೆಂದ ಮಾತನ್ನು ಅವಳ ಬಾಯಿಂದಲೇ ಕೇಳಿರಿ: ‘ವಕೀಲ್ರ, ಓದಿದವ್ರು ನೀವ ಕೊಡು ಅಂದ ಮ್ಯಾಲ ಅದು ಸರಕಾರದ ಫೀ ಇರಬೇಕಂತ ತಿಳಕೊಂಡಿದ್ನಿರಿ. ಆದರ ಪಾವತಿ ಅಷ್ಟ ಕೊಡಲಿಲ್ಲ ನೋಡ್ರಿ.’

ಮಹನೀಯರೇ, ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಚುಚ್ಚು ಇರಲಿಲ್ಲ. ಅದಕ್ಕಾಗಿಯೇ ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಲಂಚ ತೆಗೆದುಕೊಂಡವನು ಒಬ್ಬನು, ಸರಿ. ಆದರೆ ಆ ಲಂಚಕ್ಕೆ ಕಾಯದೆಯ ಮುದ್ರೆಯನ್ನು ಒತ್ತಿದವನು ನಾನು. ಕಾಯದೆಯನ್ನು ಓದಿ ಪದವಿ ಪಡೆದ ನಾನು, ಕಾಯದೆಯು ಅವಳಿಗೆ ಪುಕ್ಕಟೆಯಾಗಿ ಕೊಟ್ಟದ್ದನ್ನು ಕೊಂಡುಕೊಳ್ಳಲು ಕಳಿಸಿದೆನು. ಪರಕೀಯರ ಕಾಲದಲ್ಲಿ ಅವಳ ಅಜ್ಜನಿಗೆ ಭಾಷೆ ತಿಳಿಯದೆ ಮೋಸವಾಗಿರಬಹುದು. ನನ್ನ ಕಾಲದಲ್ಲಿ ಅವಳಿಗೆ ಅಚ್ಚಗನ್ನಡದಲ್ಲಿಯೇ ಮೋಸವಾಯಿತು. ಭಾಷೆ ಬದಲಾಯಿತು, ಕಿಟಕಿಯ ಈಚೆಗೆ ನಿಂತವರ ಸ್ಥಿತಿ ಬದಲಾಗಲಿಲ್ಲ. ಹಾಗಾದರೆ ಏಕೀಕರಣವು ಅವಳ ಪಾಲಿಗೆ ಇನ್ನೂ ಆಗಿಲ್ಲವೆಂದೇ ಹೇಳಬೇಕು.

ಇದಕ್ಕೆ ಕಾರಣವನ್ನು ಹುಡುಕುವಾಗ ನಾವು ಸರಕಾರೀ ನೌಕರರನ್ನೆಲ್ಲ ಒಟ್ಟಾಗಿ ಬಯ್ದು ಕೈತೊಳೆದುಕೊಳ್ಳುವದು ಸುಲಭ. ಅದು ನ್ಯಾಯವಲ್ಲ. ನನ್ನ ಅನುಭವದಲ್ಲಿ ಒಂದು ಕಚೇರಿಯಲ್ಲಿ ಹತ್ತು ಜನರಿದ್ದರೆ ಇಬ್ಬರು ಕೆಟ್ಟವರು, ಇಬ್ಬರು ಕಡು ಪ್ರಾಮಾಣಿಕರು, ಉಳಿದ ಆರು ಜನರು ಗಾಳಿ ಬಂದಂತೆ ತೂರಿಕೊಳ್ಳುವವರು. ಆ ಗಾಳಿ ಎಲ್ಲಿಂದ ಬೀಸುವದು ಎಂಬದೇ ಮುಖ್ಯವಾದ ಪ್ರಶ್ನೆ.

ಅದು ರಾಜಕಾರಣದಿಂದ ಬೀಸುವದೆಂದು ನಾನು ತಿಳಿದಿರುವೆನು. ಯಾವ ಪಕ್ಷದ ಹೆಸರನ್ನೂ ನಾನು ಎತ್ತುವದಿಲ್ಲ. ಈ ರೋಗಕ್ಕೆ ಪಕ್ಷಭೇದವಿಲ್ಲ. ನಮ್ಮ ವಿಧಾನಸಭೆಗೆ 224 ಜನರನ್ನು ನಾವು ಆರಿಸಿ ಕಳಿಸುತ್ತೇವೆ. ಕಾಯದೆ ಮಾಡುವದು, ಬಜೆಟ್ಟನ್ನು ಪರೀಕ್ಷಿಸುವದು, ಮಂತ್ರಿಗಳನ್ನು ಪ್ರಶ್ನಿಸುವದು ಅವರ ಧರ್ಮ. ಆದರೆ ಅವರ ಮನೆಯ ಮುಂದೆ ಬೆಳಗಿನ ಜಾವದಲ್ಲಿ ನೆರೆಯುವ ಗುಂಪನ್ನು ನೋಡಿರಿ. ವರ್ಗಾವಣೆ ಮಾಡಿಸಿರಿ, ವರ್ಗಾವಣೆ ನಿಲ್ಲಿಸಿರಿ, ಇಂಥವನನ್ನು ಇಲ್ಲಿಗೆ ತನ್ನಿರಿ! ಯಾವ ನೌಕರನು ತನ್ನ ಜಾಗವನ್ನು ಒಬ್ಬ ಮುಖಂಡನ ಕೃಪೆಯಿಂದ ಪಡೆಯುವನೋ ಅವನು ಆ ಮುಖಂಡನಿಗೆ ಆಳಾಗುವನು, ನಿಮಗೆ ಆಳಾಗಲಾರನು. ಇನ್ನು ಜಾಗವನ್ನು ಹಣ ಕೊಟ್ಟು ಪಡೆದವನು ಆ ಹಣವನ್ನು ಎಲ್ಲಿಂದ ತೆಗೆಯಬೇಕು? ಎರಡು ಆಡುಗಳನ್ನು ಮಾರಿದವಳಿಂದಲೇ ತೆಗೆಯಬೇಕು.

ಇದಕ್ಕೆ ಮದ್ದಿಲ್ಲವೆನ್ನುವಂತಿಲ್ಲ. ಇಲ್ಲಿ ಕುಳಿತ ಮಾಸ್ತರರೇ ಸಾಕ್ಷಿಯಾಗಿರುವರು. 2007ರ ಕಾಯದೆಯಿಂದ ಶಿಕ್ಷಕರ ವರ್ಗಾವಣೆಯು ಕೌನ್ಸೆಲಿಂಗಿನ ಪದ್ಧತಿಗೆ ಬಂದಿತು. 2020ರಲ್ಲಿ ಆ ಕಾಯದೆಯನ್ನು ಹೊಸದಾಗಿ ಬರೆದರು. ಅದರಲ್ಲಿ ಕುಂದುಗಳಿರಬಹುದು, ನಿಮ್ಮ ದೂರುಗಳನ್ನು ನಾನು ಬಲ್ಲೆನು. ಆದರೆ ಜಾಗಗಳ ಯಾದಿಯು ಎಲ್ಲರ ಕಣ್ಣೆದುರಿಗೆ ಇರುವದು, ಸರದಿಯಂತೆ ಕೂಗುವದು, ನೀವು ಆರಿಸಿಕೊಳ್ಳುವದು. ಇದರಲ್ಲಿ ಶಿಕ್ಷಕನ ಮಾನ ಉಳಿಯಿತೇ ಇಲ್ಲವೇ? ಇಷ್ಟು ದೊಡ್ಡ ಇಲಾಖೆಯಲ್ಲಿ ಸಾಧ್ಯವಾದದ್ದು, ಜನರಿಗೆ ದಿನಾಲು ಕೆಲಸ ಬೀಳುವ ಎಲ್ಲ ಇಲಾಖೆಗಳಲ್ಲಿಯೂ ಸಾಧ್ಯವಾಗಬೇಕು. ಚುನಾವಣೆಯ ಕಾಲಕ್ಕೆ ಮತ ಕೇಳಲು ಬರುವವರಿಗೆ ನಾವು ಕೇಳಬೇಕಾದ ಮೊದಲನೆಯ ಪ್ರಶ್ನೆ ಇದೇ.

ನಮ್ಮ ಸೀಮೆಯವರೇ ಆದ ಎಸ್. ಆರ್. ಬೊಮ್ಮಾಯಿಯವರ ಸರಕಾರವು 1989ರಲ್ಲಿ ವಜಾ ಆದಾಗ ಅವರು ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಸುಪ್ರೀಮ ಕೋರ್ಟು, ಸರಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬದನ್ನು ಸದನದಲ್ಲಿಯೇ ಪರೀಕ್ಷಿಸತಕ್ಕದ್ದೆಂದು ತೀರ್ಪು ಕೊಟ್ಟಿತು. ಭಾರತಕ್ಕೆಲ್ಲ ದಾರಿದೀಪವಾದ ತೀರ್ಪು ಕರ್ನಾಟಕದ ಹೆಸರಿನಿಂದ ಬಂದದ್ದು ನಮಗೆ ಹೆಮ್ಮೆ. ಅದೇ ಕರ್ನಾಟಕದಲ್ಲಿ 2019ರಲ್ಲಿ ಒಂದು ಸರಕಾರವೇ ಬಿದ್ದು 17 ಜನ ಶಾಸಕರು ಅನರ್ಹರೆನಿಸಿದ್ದನ್ನೂ ನಾವು ಕಂಡೆವು. ಅವರಲ್ಲಿ ಬಹುಮಂದಿಯನ್ನು ಅದೇ ವರ್ಷ ಮತದಾರರು ಮತ್ತೆ ಆರಿಸಿದರು. ಆದುದರಿಂದ ಗಾಳಿಯು ರಾಜಕಾರಣದಿಂದ ಬೀಸುವದೆಂದು ಹೇಳಿ ನಿಲ್ಲುವಂತಿಲ್ಲ. ರಾಜಕಾರಣಕ್ಕೆ ಗಾಳಿ ಹಾಕುವವರು ನಾವು. ಹಕ್ಕಿನಿಂದ ಬರತಕ್ಕದ್ದನ್ನು ಕೃಪೆಯಿಂದ ಬೇಡುವ ಚಟವನ್ನು ನಾವು ಬಿಡದೆ ಅವರು ಕೃಪೆಯ ಅಂಗಡಿಯನ್ನು ಮುಚ್ಚಲಾರರು.

ಲಂಚಕೋರರನ್ನು ಹಿಡಿಯುವ ಸಂಸ್ಥೆಗಳ ಕಥೆಯೂ ಬೋಧಪ್ರದವಾಗಿದೆ. 1984ರ ಕಾಯದೆಯಿಂದ ನಮ್ಮಲ್ಲಿ ಲೋಕಾಯುಕ್ತವು ಹುಟ್ಟಿತು. 2016ರಲ್ಲಿ ಸರಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೊಂದನ್ನು ಕಟ್ಟಿ, ಲೋಕಾಯುಕ್ತದ ಪೋಲೀಸರ ಕೈಯಿಂದ ಆ ಅಧಿಕಾರವನ್ನು ತೆಗೆಯಿತು. 2022ರಲ್ಲಿ ಹಾಯಕೋರ್ಟು ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿ ಕೊಡಿಸಿತು. ಆರು ವರ್ಷಗಳು ಹೀಗೆ ಹೋದವು. ಕಾವಲುಗಾರನನ್ನು ಯಾರು ನೇಮಿಸಬೇಕೆಂಬ ಜಗಳದಲ್ಲಿ ಮನೆಯ ಬಾಗಿಲು ತೆರೆದೇ ಇರಬಾರದು.

ಇಷ್ಟು ಹೊತ್ತು ಕುರ್ಚಿಯ ಮೇಲೆ ಕುಳಿತ ನೌಕರರ ಮಾತಾಯಿತು. ಕುರ್ಚಿಯಿಲ್ಲದ ನೌಕರರೂ ಇರುವರೆಂಬದನ್ನು ನಾವು ಮರೆಯುತ್ತೇವೆ. ವಿಧಾನಸೌಧದ ಮೇಲೆ, ಕೆಂಗಲ್ ಹನುಮಂತಯ್ಯನವರ ಇಚ್ಛೆಯಂತೆ, ಸರಕಾರದ ಕೆಲಸವು ದೇವರ ಕೆಲಸವೆಂದು ಕೆತ್ತಿರುವರು. ಈ ದೇವರ ಕೆಲಸವನ್ನು ಬೆಳಗಿನ ಐದು ಗಂಟೆಗೆ ಆರಂಭಿಸುವವರು ಯಾರು? ನಮ್ಮ ಪಟ್ಟಣದ ಪೌರಕಾರ್ಮಿಕರು. ನಾವು ಹಾಸಿಗೆಯಿಂದ ಏಳುವ ಮುಂಚೆ ಅವರು ನಮ್ಮ ಬೀದಿಯನ್ನು ಗುಡಿಸಿ ಹೋಗಿರುವರು. 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ನಾಡಿನಲ್ಲಿ ನಿಷೇಧಿಸಿದರು. ಕೇಂದ್ರದಲ್ಲಿ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯದೆ ಆದವು. ಇವುಗಳ ನಡುವೆ, 2010ನೆಯ ಜುಲೈದಲ್ಲಿ, ಇಲ್ಲಿಂದ ದೂರವಲ್ಲದ ಸವಣೂರಿನಲ್ಲಿ ಭಂಗಿ ಸಮುದಾಯದ ಬಂಧುಗಳು, ತಾವು ತಲೆತಲಾಂತರದಿಂದ ಇದ್ದ ಜಾಗದಿಂದ ತಮ್ಮನ್ನು ಎಬ್ಬಿಸುವದನ್ನು ಪ್ರತಿಭಟಿಸಿ, ನಡುಬೀದಿಯಲ್ಲಿ ಮೈಮೇಲೆ ಮಲವನ್ನು ಸುರಿದುಕೊಂಡರು. ಅರ್ಜಿಯನ್ನು ಯಾರೂ ಓದದಿದ್ದಾಗ ಮನುಷ್ಯನು ತನ್ನ ಮೈಯನ್ನೇ ಅರ್ಜಿಯನ್ನಾಗಿ ಮಾಡಬೇಕಾಗುವದು. ಅಂದು ಕರ್ನಾಟಕದ ತಲೆ ತಗ್ಗಿತು. 2022ರ ಜುಲೈದಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಬೇಕೆಂದು ನಾಡಿನ ತುಂಬ ಮುಷ್ಕರ ಹೂಡಿದ ಮೇಲೆಯೇ ಸರಕಾರವು ಅವರ ಮಾತಿಗೆ ಕಿವಿಗೊಟ್ಟಿತು.

ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರನ್ನು ನೋಡಿರಿ. ಬಸುರಿಯನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯುವವರು ಅವರು. 2020ರಲ್ಲಿ ಕೊರೊನಾ ಬಂದಾಗ ನಾವೆಲ್ಲ ಬಾಗಿಲು ಹಾಕಿಕೊಂಡೆವು. ಅವರು ಪ್ರತಿಯೊಂದು ಬಾಗಿಲನ್ನೂ ಬಡಿದರು. ಕಾಗದದ ಮೇಲೆ ಅವರು ನೌಕರರಲ್ಲ, ಸ್ವಯಂಸೇವಕಿಯರು. ಆದುದರಿಂದ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಸೇವೆಯನ್ನು ಪೂರ್ತಿಯಾಗಿ ತೆಗೆದುಕೊಂಡು ಹೆಸರನ್ನು ಮಾತ್ರ ಕೊಡದಿರುವದು ಯಾವ ಧರ್ಮ? ಯಾವ ಸರಕಾರವು ತನ್ನ ಕೈಕೆಳಗಿನವರಿಗೆ ನ್ಯಾಯ ಕೊಡಲಾರದೋ ಅದರ ಕೈಯಿಂದ ನಮಗೆ ನ್ಯಾಯ ಹೇಗೆ ಬಂದೀತು?

ಇನ್ನೊಂದು ಮಾತು. ಧಾರವಾಡದ ಕಿಟಕಿಗೆ ಇಷ್ಟು ದೂರವಾದರೆ ಯಾದಗಿರಿಯ ಹಳ್ಳಿಯವನಿಗೆ ಎಷ್ಟು ದೂರ? 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು 175 ತಾಲೂಕುಗಳನ್ನು ಪರೀಕ್ಷಿಸಿ 114ನ್ನು ಹಿಂದುಳಿದವೆಂದು ಎಣಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39; ಆ 39ರಲ್ಲಿ 21 ಕಲಬುರ್ಗಿ ವಿಭಾಗದವು. ಹತ್ತು ವರ್ಷಗಳ ತರುವಾಯ ಸಂವಿಧಾನಕ್ಕೆ 371-ಜೆ ಕಲಮು ಸೇರಿ ಆ ಭಾಗಕ್ಕೆ ವಿಶೇಷ ಸ್ಥಾನ ದೊರೆಯಿತು. 2019ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟರು. ಹೆಸರು ಶುಭವಾಗಿದೆ. ಆದರೆ ಖಾಲಿ ಕುರ್ಚಿಗಳಿಂದ ಕಲ್ಯಾಣವಾಗದು. ಅಲ್ಲಿಗೆ ವರ್ಗವಾಗುವದನ್ನು ಶಿಕ್ಷೆಯೆಂದು ನೌಕರರು ತಿಳಿಯುವ ವರೆಗೆ ನಾಡು ಮನಸ್ಸಿನಲ್ಲಿ ಒಂದಾಗಿಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ಬೆಂಗಳೂರಿಗೆ ಮನವಿ ಕಳಿಸಿ ಸುಮ್ಮನೆ ಕೂಡ್ರುವದೇ? ನಾನು ಇಲ್ಲಿಯೇ, ಈ ಕಟ್ಟಡದಲ್ಲಿಯೇ, ಮಾಡಬಹುದಾದ ಕೆಲವು ಕೆಲಸಗಳನ್ನು ಸೂಚಿಸುವೆನು.

ಒಂದನೆಯದು. ಈ ವಾಚನಾಲಯದ ಪಡಸಾಲೆಯಲ್ಲಿ ಪ್ರತಿ ಸಂತೆಯ ದಿನ ಎರಡು ತಾಸು ಅರ್ಜಿ ಬರೆದು ಕೊಡುವ ಏರ್ಪಾಡಾಗಲಿ. ನಿವೃತ್ತ ಮಾಸ್ತರರು ಬರೆಯಲಿ, ನಾವು ಇಬ್ಬರು ಮೂವರು ವಕೀಲರು ಕಾಯದೆಯ ಮಾತನ್ನು ನೋಡಿಕೊಳ್ಳುವೆವು. ಒಂದು ಕಾಸನ್ನೂ ತೆಗೆದುಕೊಳ್ಳುವದು ಬೇಡ. ಅರ್ಜಿಯು ತಿಳಿಗನ್ನಡದಲ್ಲಿರಲಿ. ‘ಸದರಿ’, ‘ಮೇಲ್ಕಾಣಿಸಿದ’, ‘ಪ್ರಸ್ತಾಪಿತ’ ಎಂಬ ಮುಳ್ಳುಬೇಲಿಯೊಳಗೆ ನಮ್ಮ ಕನ್ನಡವನ್ನು ಸಿಕ್ಕಿಸಿ, ಇಂಗ್ಲಿಷಿನಷ್ಟೇ ಅದನ್ನು ಪರಕೀಯವಾಗಿ ಮಾಡಿದ ಪಾಪದಲ್ಲಿ ನಮ್ಮ ವೃತ್ತಿಯವರಿಗೂ ಪಾಲಿದೆ.

ಎರಡನೆಯದು. ‘ಸಕಾಲ’ದಲ್ಲಿ ಬರುವ ಯಾವ ಅರ್ಜಿಯನ್ನೂ ಹದಿನೈದು ಅಂಕಿಗಳ ನಂಬರಿಲ್ಲದೆ ಕೊಟ್ಟು ಬರಬಾರದು. ಆ ನಂಬರೇ ನಿಮ್ಮ ಪಾವತಿ. ಗಡುವು ತೀರುವ ಹೊತ್ತಿಗೆ ಕ್ಷುಲ್ಲಕ ಕಾರಣ ಹೇಳಿ ‘ಹಿಂಬರಹ’ ಕೊಟ್ಟು ಅರ್ಜಿಯನ್ನು ತಿರುಗಿಸುವ ಯುಕ್ತಿಯನ್ನು ನಾನು ಕಂಡಿದ್ದೇನೆ. ಅಂಥ ಹಿಂಬರಹವನ್ನು ಹಣೆಬರಹವೆಂದು ತಿಳಿಯಬೇಡಿರಿ. ಸಕ್ಷಮ ಅಧಿಕಾರಿಗೆ ಮೊದಲನೆಯ ಅಪೀಲು, ಅದರ ಮೇಲೆ ಇನ್ನೊಂದು ಅಪೀಲು ಇದೆ. ದಿನಕ್ಕೆ 20 ರೂಪಾಯಿಯ ಪರಿಹಾರವು ಒಂದು ದಿನದ ಕೂಲಿಗೆ ಸಮನಲ್ಲವೆಂಬದು ನಿಜ. ಅದನ್ನು ಹೆಚ್ಚಿಸಬೇಕೆಂದು ನಾವು ಕೇಳಲೇಬೇಕು. ಆದರೂ ಅದನ್ನು ಬೇಡಿ ಪಡೆಯಿರಿ. ಹಣ ಅಲ್ಪವಾದರೂ, ಆ ತಡವು ಯಾರ ತಪ್ಪೆಂಬದು ಕಾಗದದ ಮೇಲೆ ಬೀಳುವದು ಅಲ್ಪವಲ್ಲ.

ಮೂರನೆಯದು. ಲಂಚ ಕೊಡುವದೂ ಅಪರಾಧವೆಂಬದನ್ನು ಎಲ್ಲರಿಗೂ ತಿಳಿಸಿರಿ. 2018ರ ತಿದ್ದುಪಡಿಯು ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಒತ್ತಾಯಕ್ಕೆ ಒಳಗಾಗಿ ಕೊಟ್ಟವರು ಏಳು ದಿನಗಳೊಳಗೆ ಪೋಲೀಸರಿಗಾಗಲಿ ತನಿಖೆಯ ಸಂಸ್ಥೆಗಾಗಲಿ ತಿಳಿಸಿದರೆ ಅವರಿಗೆ ರಕ್ಷಣೆಯಿದೆ. ಈ ಏಳು ದಿನಗಳ ಮಾತು ಎಷ್ಟು ಜನರಿಗೆ ಗೊತ್ತು? ಬಡವನು ಹೆದರಿ ಸುಮ್ಮನಿದ್ದರೆ ಎಂಟನೆಯ ದಿನ ಅವನೇ ಆರೋಪಿಯಾದಾನು. ಅವನ ಜೊತೆಗೆ ಠಾಣೆಯ ವರೆಗೆ ನಡೆದುಹೋಗಲು ಓದಿದವರೊಬ್ಬರು ಸಿದ್ಧರಿರಬೇಕು.

ನಾಲ್ಕನೆಯದು. ಗ್ರಾಮಸಭೆಗೆ ಹೋಗಿರಿ. ಈ ನಾಡಿನಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳಿವೆ. 1993ರ ಕಾಯದೆಯು ಗ್ರಾಮಸಭೆಗೆ ಕೊಟ್ಟ ಅಧಿಕಾರವನ್ನು ಓದಿದರೆ ನೀವು ಬೆರಗಾಗುವಿರಿ. ಸಭೆಗೆ ಜನರೇ ಬಾರದಿದ್ದರೆ ಯಾದಿಗೆ ಸಹಿಗಳು ಮನೆಯಲ್ಲಿಯೇ ಬೀಳುವವು. ಹಳ್ಳಿಯ ಶಾಲೆಯ ಮಾಸ್ತರರು ರಾಜಕಾರಣ ಮಾಡಬಾರದು, ನಿಜ; ಆದರೆ ಕಾಯದೆಯನ್ನು ಓದಿ ಹೇಳುವದು ರಾಜಕಾರಣವಲ್ಲ, ವಿದ್ಯಾದಾನ.

ಐದನೆಯದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಕಠಿಣವಾದದ್ದು. ಒಳ್ಳೆಯ ನೌಕರನನ್ನು ಗುರುತಿಸಿರಿ. ಚಹದ ಕಾಸನ್ನೂ ಮುಟ್ಟದೆ ಸಮಯಕ್ಕೆ ಸರಿಯಾಗಿ ಕೆಲಸ ಮಾಡಿಕೊಟ್ಟ ಗುಮಾಸ್ತನು ಇದೇ ಪಟ್ಟಣದಲ್ಲಿರುವನು. ಅವನ ಮೇಲಧಿಕಾರಿಗೆ ಎಂದಾದರೂ ಒಂದು ಕಾಗದ ಬರೆದಿರುವೆವೇ? ಕೆಟ್ಟವನಿಗೆ ಹಣ, ಒಳ್ಳೆಯವನಿಗೆ ಮೌನ. ಇದು ನಮ್ಮ ನ್ಯಾಯ! ಇಂಥ ನ್ಯಾಯದಲ್ಲಿ ಆ ನಡುವಿನ ಆರು ಜನರು ಯಾವ ಕಡೆಗೆ ವಾಲುವರೆಂದು ಬೇರೆ ಹೇಳಬೇಕಾಗಿಲ್ಲ.

ಇದರಿಂದ ಎಲ್ಲವೂ ನೆಟ್ಟಗಾಗುವದೆಂದು ನಾನು ಹೇಳಲಾರೆ. ವಕೀಲನು ಜಯದ ಭರವಸೆಯನ್ನು ಕೊಡಬಾರದೆಂಬದು ನಮ್ಮ ವೃತ್ತಿಯ ನೀತಿ. ಅಪೀಲುಗಳು ತಡವಾಗುವವು, ‘ಸರ್ವರ್’ ಕೈಕೊಡುವದು, ಕೆಲವು ಅರ್ಜಿಗಳು ಸೋಲುವವು. ಆದರೆ 1917ರಿಂದ 1956ರ ವರೆಗೆ, ಸುಮಾರು ನಾಲ್ವತ್ತು ವರ್ಷ, ನಮ್ಮ ಹಿರಿಯರು ಬೇಡಿ, ಬರೆದು, ಉಪವಾಸ ಮಾಡಿ, ಜೈಲಿಗೆ ಹೋಗಿ ನಾಡನ್ನು ಒಂದುಗೂಡಿಸಿದರು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಇದೇ ಸೀಮೆಯಲ್ಲಿ ಅನ್ನ ಬಿಟ್ಟು ಕುಳಿತದ್ದನ್ನು ಕೇಳಿ ಬೆಳೆದವರು ನಿಮ್ಮಲ್ಲಿದ್ದಾರೆ. ಅವರಿಗೆ ನಾಲ್ವತ್ತು ವರ್ಷ ಬೇಸರವಾಗಲಿಲ್ಲ. ನಮಗೆ ವಾರಕ್ಕೆ ಎರಡು ತಾಸು ಭಾರವಾಗಬಾರದು.

ಆ ತಾಯಿಯು ಈಗಲೂ ಸಂತೆಗೆ ಬರುತ್ತಾಳೆ. ಅವಳ ಆಡಿನ ಹಣವನ್ನು ಹಿಂದಕ್ಕೆ ಕೊಡಿಸುವದು ನನ್ನಿಂದಾಗದು. ನಾನೇ ಕೊಡಹೋದರೆ ಅವಳು, ‘ಅದಾಗಿ ಹೋತರಿ’ ಎಂದು ನಕ್ಕುಬಿಟ್ಟಳು. ಬರುವ ಸಂತೆಯಿಂದ ಇಲ್ಲಿ ಈ ಪಡಸಾಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಪಾಟಿ ಇಡಲು ಅಧ್ಯಕ್ಷರು ಅಪ್ಪಣೆ ಕೊಟ್ಟರೆ, ಮೊದಲನೆಯ ಎರಡು ತಾಸು ನಾನು ಕೂಡ್ರುವೆನು. ಎರಡನೆಯ ಕುರ್ಚಿಗೆ ಯಾರು ಬರುವಿರೆಂದು ಈ ಸಭೆಯನ್ನು ಕೇಳಿ ನನ್ನ ಮಾತನ್ನು ಮುಗಿಸುವೆನು.

ಜಯ ಕರ್ನಾಟಕ! ಜಯ ಹಿಂದ್!